ನೀವು ಕೇಳಿದ್ರಿ: ಶಿವಮೊಗ್ಗದ ಮನೇಲಿ ಆಕ್ಟೋಪಸ್ಸಾ?

ಪ್ರಶ್ನೆ: ನಮಸ್ತೆ ಸರ್, ನನ್ನ ಮಗ ಎಂಟನೇ ಕ್ಲಾಸು. ರಜೇಲಿ ಮಲ್ಪೆಗೆ ಹೋದಾಗ ಬಂದರಲ್ಲಿ ಮೀನಿನ ಬುಟ್ಟೀಲಿ ಆಕ್ಟೋಪಸ್ ನೋಡ್ಕೊಂಡು ಬಂದ, ಅವತ್ತಿಂದ ಒಂದೇ ಹಠ, ಮನೇಲಿ ಸಾಕ್ಬೇಕಂತೆ. ಗೋಲ್ಡ್‌ಫಿಶ್ ಟ್ಯಾಂಕ್ ಹೆಂಗೂ ಇದೆ, ಅದಕ್ಕೇ ಬಿಡೋಣ ಅಂತಾನೆ. ಅವರಪ್ಪನೂ ಅವನ ಪಾರ್ಟಿ. ಏನ್ಮಾಡ್ಲಿ?
(ವಿನೋಬನಗರದಿಂದ ಒಬ್ಬ ತಾಯಿ)

ಉತ್ತರ: ಮೊದಲು ಆ ಗೋಲ್ಡ್‌ಫಿಶ್ ಉಳಿಸಿ ಅಕ್ಕಾ! ಆ ಟ್ಯಾಂಕಲ್ಲಿರೋದು ಸಿಹಿನೀರು, ಸಿಹಿನೀರಲ್ಲಿ ಬದುಕೋ ಆಕ್ಟೋಪಸ್ ಪ್ರಪಂಚದಲ್ಲಿ ಒಂದೂ ಇಲ್ಲ. ಅದಕ್ಕೆ ಒಂದು ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರೋ ನೀರು ಬೇಕು, 200 ಲೀಟರಿನ ಟ್ಯಾಂಕ್ ಇಟ್ರೆ ಏಳು ಕೆಜಿ ಆಯ್ತು, ಅದೂ ಅಡುಗೆಮನೆ ಉಪ್ಪಲ್ಲ, ಅಕ್ವೇರಿಯಂನವರು ಮಾರೋ ಸಮುದ್ರದ ಉಪ್ಪು. ನೀರು ಹದಕ್ಕೆ ಬರೋಕೇ ತಿಂಗಳುಗಟ್ಲೆ ಟ್ಯಾಂಕ್ ಖಾಲಿ ಓಡಿಸ್ಬೇಕು, ನಿಮ್ಮ ಹುಡುಗನಿಗೆ ಅಷ್ಟು ತಾಳ್ಮೆ ಇದ್ರೆ ನನಗೆ ಇನ್ನೊಂದು ಕಾಗದ ಬರೀರಿ. ಬಚ್ಚಲ ತಾಮ್ರದ ಹಂಡೆಯಿಂದ ನೀರು ತುಂಬ್ಸೋ ಯೋಚನೆ ಬೇಡವೇ ಬೇಡ, ತಾಮ್ರ ನೀರಲ್ಲಿ ಸ್ವಲ್ಪ ಇದ್ರೂ ಅದಕ್ಕೆ ವಿಷ. ತಮಾಷೆ ಅಂದ್ರೆ ಅದರ ರಕ್ತ ನೀಲಿಯಾಗಿರೋದೇ ತಾಮ್ರದಿಂದ.

ಇದೆಲ್ಲ ದುಡ್ಡು ಸುರಿದ್ರೆ ಆಗುತ್ತೆ ಅಂತ ಅವರಪ್ಪ ಹೇಳ್ಬೋದು, ಆದ್ರೆ ಮಳೆಗಾಲದಲ್ಲಿ ಕರೆಂಟ್ ಹೋದ್ರೆ ಏನ್ಮಾಡ್ತೀರ ಮಾರಾಯ್ರೇ? ನಮ್ಮ ಕಡೆ ಮರ ಬಿದ್ದು ಲೈನ್ ಹೋಯ್ತು ಅಂದ್ರೆ ಎರಡು ದಿನಕ್ಕೂ ಬರಲ್ಲ, ಗಾಳಿ ಊದೋ ಪಂಪ್ ನಿಂತ್ರೆ ಆಕ್ಟೋಪಸ್‌ಗೆ ಕೆಲವೇ ಗಂಟೇಲಿ ಉಸಿರುಕಟ್ಟುತ್ತೆ. ನಾನೇ ಹಿಂದೆ ಒಂದು ಆಷಾಢದಲ್ಲಿ ಹಿಂಗೇ ಹನ್ನೊಂದು ಮೀನು ಕಳ್ಕೊಂಡು, ಖಾಲಿ ಟ್ಯಾಂಕಲ್ಲಿ ಈಗ ಈರುಳ್ಳಿ ಇಡ್ತಾ ಇದೀನಿ.

ಇನ್ನು ಮುಚ್ಚಳ. ಮೈಯಲ್ಲಿ ಮೂಳೆ ಇಲ್ಲ, ಗಟ್ಟಿಯಾಗಿರೋದು ಗಿಳಿಮೂತಿ ಥರದ ಕೊಕ್ಕೊಂದೇ, ಆ ಕೊಕ್ಕು ತೂರೋ ಸಂದು ಸಿಕ್ಕಿದ್ರೆ ಇಡೀ ಪ್ರಾಣಿ ಆಚೆ. ನ್ಯೂಜಿಲೆಂಡಿನ ನೇಪಿಯರ್ ಅಕ್ವೇರಿಯಂನಲ್ಲಿ 2016ರಲ್ಲಿ ಇಂಕಿ ಅನ್ನೋ ಆಕ್ಟೋಪಸ್ ರಾತ್ರಿ ಟ್ಯಾಂಕಿಂದ ಇಳಿದು, ನೆಲದ ಮೇಲೆ ಹರ್ಕೊಂಡು ಹೋಗಿ, ನೀರು ಹೋಗೋ ಪೈಪಲ್ಲಿ ತೂರಿ ಸಮುದ್ರ ಸೇರ್ತು. ಅಲ್ಲಿ ಪೈಪಿನ ಕೊನೇಲಿ ಸಮುದ್ರ ಇತ್ತು, ವಿನೋಬನಗರದ ಚರಂಡಿ ಕೊನೇಲಿ ಏನಿದೆ ಅಂತ ನಿಮಗೇ ಗೊತ್ತು.

ನನಗೆ ನಿಜವಾಗ್ಲೂ ಬೇಜಾರಾಗೋದು ಆಯಸ್ಸಿನ ವಿಷಯ. ಸಾಕೋ ಜಾತಿಗಳು ಹೆಚ್ಚಂದ್ರೆ ಒಂದೆರಡು ವರ್ಷ ಬದುಕ್ತವೆ, ಹೆಣ್ಣಾದ್ರೆ ಮೊಟ್ಟೆ ಇಟ್ಟು, ಊಟ ಬಿಟ್ಟು ಕಾವಲು ಕೂತು, ಮರಿ ಆಚೆ ಬರೋ ಹೊತ್ತಿಗೆ ಸಾಯುತ್ತೆ. ಅಷ್ಟರಲ್ಲಿ ಅದಕ್ಕೆ ನಿಮ್ಮ ಹುಡುಗನ ಗುರುತು ಸಿಕ್ಕಿರುತ್ತೆ, ಹೌದು, ಊಟ ಹಾಕೋರು ಯಾರು ಕೋಲಲ್ಲಿ ಚುಚ್ಚೋರು ಯಾರು ಅಂತ ಅವು ಬೇರೆಬೇರೆಯಾಗಿ ಗುರುತಿಡ್ತವೆ ಅಂತ ಸಿಯಾಟಲ್ ಅಕ್ವೇರಿಯಂನಲ್ಲಿ ಪರೀಕ್ಷೆ ಮಾಡಿ ನೋಡಿದಾರೆ. ಅಂಥದ್ದನ್ನ ಗಾಜಿನ ಡಬ್ಬೀಲಿ ಒಂಟಿಯಾಗಿ ಇಡೋಕೆ ನನ್ನ ಮನಸ್ಸಂತೂ ಒಪ್ಪಲ್ಲ.

ಅವನಿಗೆ ಬೇಕಾಗಿರೋದು ಬಳುಕೋ ತೋಳು ತಾನೇ? ಹಳ್ಳಿ ಕಡೆ ಹೋದಾಗ ಕೆರೆಯಿಂದ ಒಂದು ಬಾಟ್ಲಿ ನೀರು, ಜೊಂಡು, ಕೊಳೆತ ಎಲೆ ಸಮೇತ ತರೋಕೆ ಹೇಳಿ (ಈಜು ಬರೋ ದೊಡ್ಡೋರು ಜೊತೇಲಿರ್ಲಿ). ಒಂದಿನ ಅಲ್ಲಾಡಿಸದೆ ನೆರಳಲ್ಲಿಟ್ಟು, ಲೆನ್ಸ್ ಹಿಡಿದು ಎಲೆ ಅಡಿ ಹುಡುಕ್ಲಿ. ಅದೃಷ್ಟ ಇದ್ರೆ ಅರ್ಧ ಸೆಂಟಿಮೀಟರಿನ ನೂಲಿನ ತುಂಡು, ತುದೀಲಿ ಐದಾರು ಎಳೆ ಕೈ ಥರ ಆಡಿಸ್ತಾ ಕೂತಿರುತ್ತೆ. ಅದೇ ಹೈಡ್ರಾ. ಪಿಯುಸಿ ಪುಸ್ತಕದ ಚಿತ್ರ ನೆನಪಿದ್ಯಾ, ಅದೇ. ಮುಟ್ಟಿದ್ರೆ ಮುದುರಿ ಚುಕ್ಕಿ ಆಗುತ್ತೆ, ಪಕ್ಕದಲ್ಲಿ ಹೋಗೋ ನೀರುಚಿಗಟ ಹಿಡಿದು ನುಂಗುತ್ತೆ, ಎರಡು ತುಂಡು ಮಾಡಿದ್ರೆ ಎರಡೂ ಬೆಳೀತವೆ. 1740ರ ದಶಕದಲ್ಲಿ ಟ್ರೆಂಬ್ಲಿ ಅನ್ನೋ ಮೇಷ್ಟ್ರು ಇಬ್ಬರು ಹುಡುಗರಿಗೆ ಪಾಠ ಹೇಳ್ತಾ ಹೇಳ್ತಾ ಇದನ್ನ ಕಂಡುಹಿಡಿದಿದ್ದು. ನಲ್ಲಿ ನೀರು ಮಾತ್ರ ಹಾಕ್ಬೇಡಿ, ಕ್ಲೋರಿನ್‌ಗೆ ಸತ್ತೋಗುತ್ತೆ.

ಪ್ರಶ್ನೆ: ಮಗಳು ತೋಟದ ದೊಡ್ಡ ಬಸವನಹುಳು ಬಕೆಟಲ್ಲಿ ಸಾಕ್ತಿದಾಳೆ, ಅದರ ಮೀಸೆ ಮುಟ್ಟಿ ಆಡ್ತಾಳೆ. ತೊಂದ್ರೆ ಇಲ್ವಾ? (ತೀರ್ಥಹಳ್ಳಿ ಓದುಗರು)

ಉತ್ತರ: ಇದೆ ಸ್ವಾಮಿ. ಉದ್ದ ಮೊನೆಯ ಕಂದು ಪಟ್ಟೆ ಚಿಪ್ಪಾಗಿದ್ರೆ ಅದು ಆಫ್ರಿಕನ್ ಬಸವನಹುಳು, 1847ರಲ್ಲಿ ಕಲ್ಕತ್ತಕ್ಕೆ ಯಾರೋ ತಂದು ಬಿಟ್ಟಿದ್ದು ಈಗ ನಿಮ್ಮ ಬಕೆಟಿಗೆ ಬಂದಿದೆ. ಗಂಡು ಹೆಣ್ಣು ಎರಡೂ ಒಂದರಲ್ಲೇ, ಒಂದ್ಸಲಕ್ಕೆ ನೂರಾರು ಮೊಟ್ಟೆ. ಮಿದುಳಿಗೆ ಹೋಗೋ ಇಲಿಯ ಹುಳ ಅದರ ಮೈಯಲ್ಲಿ ಇರ್ಬೋದು, ಅದಕ್ಕೇ ಮುಟ್ಟಿದ ಕೈ ಬಾಯಿಗೆ ಹೋಗ್ಬಾರ್ದು, ಸೋಪಲ್ಲಿ ತೊಳೆಸಿ. ಅವಳು ಮುಟ್ಟೋ ಮೇಲಿನ ಎರಡು ಮೀಸೆ ತುದೀಲಿ ಇರೋದು ಕಣ್ಣು ಅಂತಾನೂ ಹೇಳಿ, ಪಾಪ. ಬಕೆಟ್ ಮಾತ್ರ ಪಕ್ಕದ ತೋಟಕ್ಕೆ ಸುರೀಬೇಡಿ, ಉಪ್ಪುನೀರಿಗೇ ಹಾಕ್ಬೇಕು, ಅದೂ ಮಗಳು ಸ್ಕೂಲಿಗೆ ಹೋದ್ಮೇಲೆ.