ಟೆರೇಸ್ ಇರೋ ಹಾಸ್ಟೆಲ್‌ನಲ್ಲಿ ಅಮ್ಮನೂ ಉಳ್ಕೋಬಹುದಾ?

ಪ್ರಶ್ನೆ: ನಮಸ್ತೆ ಮೇಡಂ. ನಾನು ದಾವಣಗೆರೆ ವಿದ್ಯಾನಗರದವಳು, ಪ್ರೈಮರಿ ಸ್ಕೂಲ್ ಟೀಚರ್ ಆಗಿದ್ದೆ, ಹೋದ ವರ್ಷ ರಿಟೈರ್ ಆದೆ. ಮಗ ಬರ್ಲಿನ್‌ನಲ್ಲಿ ಎಂಎಸ್ ಓದ್ತಿದಾನೆ, ಜೂನ್‌ನಲ್ಲಿ ನನ್ನ ಕರೆಸ್ಕೋತಿದಾನೆ. ಅವನ ರೂಮಲ್ಲಿ ಗೆಸ್ಟ್ ಇಟ್ಕೊಳ್ಳೋ ಹಾಗಿಲ್ವಂತೆ, ಅದಕ್ಕೆ ಹತ್ರದಲ್ಲೇ ಒಂದು ಡಿಸೈನ್ ಹಾಸ್ಟೆಲ್‌ನಲ್ಲಿ ಎಂಟು ದಿನಕ್ಕೆ ಬೆಡ್ ನೋಡಿದಾನೆ. ಫೋಟೋ ಕಳ್ಸಿದ್ದ, ಗೋಡೆ ತುಂಬ ಚಿತ್ರ, ಹಳೇ ಸೂಟ್‌ಕೇಸ್‌ಗಳನ್ನ ಪೇರಿಸಿ ಟೇಬಲ್ ಮಾಡಿದಾರೆ, ಬಕೆಟ್ ಬೋರಲು ಹಾಕಿ ಅದ್ರೊಳಗೆ ಲೈಟ್, ಮೇಲೆ ದೊಡ್ಡ ಟೆರೇಸ್. ನಂಗೆ ಹಾಸ್ಟೆಲ್ ಅಂದ್ರೆ ಕಾಲೇಜ್ ಹುಡುಗ್ರದ್ದು ಅಷ್ಟೇ ಗೊತ್ತು. 61 ವರ್ಷದವಳು ಹೋಗಿ ಗುರುತಿಲ್ಲದ ಐದು ಜನರ ಜೊತೆ ಒಂದೇ ರೂಮಲ್ಲಿ ಮಲಗೋದು ಚೆನ್ನಾಗಿರುತ್ತಾ? ಊಟದ ಗತಿ ಏನು?

ಉತ್ತರ: ಟೀಚರೇ, ಹೋಗಿ. ಧೈರ್ಯವಾಗಿ ಹೋಗಿ. ಊರು ನೋಡೋಕೆ ಬಂದವರಿಗೆ ಬೆಡ್ ಲೆಕ್ಕದಲ್ಲಿ ಜಾಗ ಕೊಡೋ ಈ ಥರದ ಹಾಸ್ಟೆಲ್ ಅನ್ನೋದನ್ನ ಶುರು ಮಾಡಿದ್ದೇ ನಿಮ್ಮಂಥ ಒಬ್ಬ ಶಾಲೆ ಮೇಷ್ಟ್ರು, ಅದೂ ಜರ್ಮನಿಯಲ್ಲೇ. ರಿಚರ್ಡ್ ಶಿರ್‌ಮಾನ್ ಅಂತ. 1909ರಲ್ಲಿ ಮಕ್ಕಳನ್ನ ಕಾಲ್ನಡಿಗೇಲಿ ಟೂರ್ ಕರ್ಕೊಂಡು ಹೋಗಿದ್ದಾಗ ಗುಡುಗು ಮಳೆ ಹಿಡ್ಕೊಂಡು, ಒಂದು ಹಳ್ಳಿ ಶಾಲೇಲಿ ರಾತ್ರಿ ಕಳೀಬೇಕಾಯ್ತು, ಆಗ ಅವರಿಗೆ ಹೊಳೀತು, ರಜೇಲಿ ಶಾಲೆಗಳೆಲ್ಲ ಖಾಲಿ ಇರ್ತಾವಲ್ಲ, ನಡ್ಕೊಂಡು ಊರು ನೋಡೋ ಮಕ್ಕಳಿಗೆ ಅಲ್ಲೇ ಯಾಕೆ ಜಾಗ ಕೊಡಬಾರದು ಅಂತ. ಆಮೇಲೆ 1912ರಲ್ಲಿ ಆಲ್ಟೆನಾ ಅನ್ನೋ ಊರಿನ ಕೋಟೇಲಿ ಮೊದಲ ಕಾಯಂ ಯೂತ್ ಹಾಸ್ಟೆಲ್ ಆಯ್ತು. ಒಂದರ ಮೇಲೊಂದು ಇರೋ ಆ ಹಳೇ ಮರದ ಬಂಕ್ ಮಂಚಗಳು ಈಗ್ಲೂ ಅಲ್ಲಿ ಮ್ಯೂಸಿಯಂ ಆಗಿ ಇದಾವೆ. ನಮ್ಮ ದುರ್ಗದ ಕೋಟೇಲಿ ಸ್ಕೂಲ್ ಟೂರ್ ಮಕ್ಕಳನ್ನ ಸಾಲು ಮಾಡಿಸಿ ಎಣಿಸಿದ ಟೀಚರ್‌ಗೆ ಈ ಕಥೆ ಬೇಗ ಅರ್ಥ ಆಗುತ್ತೆ ಅಂದ್ಕೊಂಡಿದೀನಿ.

ಇನ್ನು ಆ ವಿಚಿತ್ರ ಡಿಸೈನ್ ನೋಡಿ ಹೆದರ್ಬೇಡಿ. ಯುರೋಪಿನಲ್ಲಿ ಹಳೇ ಕಟ್ಟಡಗಳನ್ನ ಕೆಡವೋ ಬದ್ಲು ಹಾಸ್ಟೆಲ್ ಮಾಡೋ ರೂಢಿ ಇದೆ. ಸ್ಟಾಕ್‌ಹೋಮ್‌ನಲ್ಲಿ 1888ರಲ್ಲಿ ಕಟ್ಟಿದ ಹಾಯಿಹಡಗೊಂದು 1949ರಿಂದ ಹಾಸ್ಟೆಲ್ ಆಗಿದೆ, ಸ್ಲೊವೇನಿಯಾದ ಲುಬ್ಲಿಯಾನಾದಲ್ಲಿ ಮಿಲಿಟರಿ ಜೈಲನ್ನೇ 2003ರಲ್ಲಿ ಹಾಸ್ಟೆಲ್ ಮಾಡಿದ್ರು, ಒಂದೊಂದು ಸೆಲ್ಲನ್ನೂ ಕಲಾವಿದರು ಒಂದೊಂದು ಥರ ಮಾಡಿದಾರೆ. ಚಂದ ಇರುತ್ತೆ ನಿಜ. ಆದ್ರೆ ಮಗನಿಗೆ ಹೇಳಿ, ಗೋಡೆ ಚಿತ್ರ ನೋಡಿ ಬುಕ್ ಮಾಡ್ಬೇಡ, ಅಡುಗೆಮನೆ ಫೋಟೋ ಮತ್ತೆ ಟೆರೇಸ್ ಫೋಟೋ ನೋಡಿ ಮಾಡು ಅಂತ. ಬೆಡ್ ಅನ್ನೋದು ಮಲಗಕ್ಕೆ ಮಾತ್ರ, ನೀವು ದುಡ್ಡು ಕೊಡೋದು ಜನರ ಜೊತೆ ಕೂರೋ ಜಾಗಕ್ಕೆ. ಆ ಎರಡು ಜಾಗ ಚೆನ್ನಾಗಿಲ್ದಿದ್ರೆ ಸಾದಾ ಲಾಡ್ಜೇ ವಾಸಿ.

ನಾನು 2019ರಲ್ಲಿ ಬರ್ಲಿನ್‌ನಲ್ಲೇ ಇಂಥದ್ದೊಂದರಲ್ಲಿ ನಾಲ್ಕು ರಾತ್ರಿ ಇದ್ದೆ. ಕೆಳಗಿನ ಬಂಕ್ ಬೇಕು ಅಂತ ಬುಕಿಂಗ್‌ನಲ್ಲಿ ಬರೆದಿದ್ದೆ, ಹೋದ್ರೆ ಮೇಲಿನದು ಕೊಟ್ರು, ಬರೆದಿದ್ದು ಬರೀ ರಿಕ್ವೆಸ್ಟ್ ಅಂತೆ. ಮಂಡಿ ನೋವು ಇಟ್ಕೊಂಡು ರಾತ್ರಿ ಎರಡು ಸಲ ಕಬ್ಬಿಣದ ಏಣಿ ಇಳಿಯೋದು ಎಷ್ಟು ಕಷ್ಟ ಅಂತ ನಂಗೆ ಗೊತ್ತು. ಅದಕ್ಕೇ ಹೇಳ್ತೀನಿ, ಮೇಲ್ ಮಾಡಿ "ಕೊಡ್ತೀವಿ" ಅಂತ ಉತ್ತರ ತರಿಸ್ಕೊಂಡೇ ಹೋಗಿ, ಹೆಂಗಸರ ಡಾರ್ಮ್, ಅಂದ್ರೆ ಹೆಂಗಸರೇ ಮಲಗೋ ಹಲವು ಬೆಡ್‌ನ ರೂಮ್ ಕೇಳಿ, ಬೆಡ್‌ಗೆ ಪರದೆ ಇದ್ಯಾ ನೋಡಿ. ಕೆಲವು ಕಡೆ ಡಾರ್ಮ್‌ಗೆ ವಯಸ್ಸಿನ ಮಿತಿ ಇರುತ್ತೆ, ಅದನ್ನ ಮೊದ್ಲೇ ಕೇಳ್ಬೇಕು, ಅಲ್ಲಿಗೆ ಹೋದ್ಮೇಲಲ್ಲ. ಲಾಕರ್ ಕೊಡ್ತಾರೆ ಬೀಗ ಕೊಡಲ್ಲ, ಒಂದು ಸಣ್ಣ ಬೀಗ ಇಲ್ಲಿಂದಲೇ ತಗೊಂಡು ಹೋಗಿ. ಟವೆಲ್ ಕೂಡ. ನಮ್ಮ ಎರಡು ಪಿನ್ ಚಾರ್ಜರ್ ಅಲ್ಲಿ ನಡೆಯುತ್ತೆ, ಆದ್ರೆ ಅವರ ಸಾಕೆಟ್ ಗುಂಡಗೆ ಒಳಕ್ಕೆ ತಗ್ಗಾಗಿರುತ್ತೆ, ದಪ್ಪ ಚಾರ್ಜರ್ ಕೂರಲ್ಲ. ಬಾತ್‌ರೂಮಲ್ಲಿ ಬಕೆಟ್ಟೂ ಇಲ್ಲ ಮಗ್ಗೂ ಇಲ್ಲ, ಒಂದು ಖಾಲಿ ಬಾಟ್ಲಿ ಬ್ಯಾಗಲ್ಲಿ ಇರ್ಲಿ. ರೂಮ್ ರೇಟಿನ ಮೇಲೆ ಬರ್ಲಿನ್ ಸಿಟಿ ಟ್ಯಾಕ್ಸ್ 7.5 ಪರ್ಸೆಂಟ್ ಇದೆ, ಕೌಂಟರ್‌ನಲ್ಲಿ ಕೇಳಿದ್ರೆ ಗಾಬರಿ ಆಗ್ಬೇಡಿ.

ಊಟದ ವಿಷಯ. ಬಹಳ ಕಡೆ ಕಾಮನ್ ಕಿಚನ್ ಇರುತ್ತೆ, ಸ್ಟೌವ್ ಪಾತ್ರೆ ಎಲ್ಲ ಇರುತ್ತೆ, ಅನ್ನ ಸಾರು ಆರಾಮಾಗಿ ಮಾಡ್ಕೋಬಹುದು, ಆದ್ರೆ ಒಗ್ಗರಣೆ ಜೋಪಾನ! ಒಣಮೆಣಸಿನಕಾಯಿ ಎಣ್ಣೆಗೆ ಬಿದ್ದು ಘಾಟು ಹೊಗೆ ಎದ್ರೆ ಸ್ಮೋಕ್ ಅಲಾರ್ಮ್ ಹೊಡ್ಕೊಳ್ಳುತ್ತೆ, ಫೈರ್ ಇಂಜಿನ್ ಬಂದ್ರೆ ಅದರ ಖರ್ಚು ನಿಮ್ಮ ತಲೆ ಮೇಲೆ ಬರಬಹುದು. ಎಣ್ಣೆ ಕಡಿಮೆ, ಉರಿ ಸಣ್ಣದು, ಮೇಲಿನ ಫ್ಯಾನ್ ಆನ್. ಫ್ರಿಜ್ಜಲ್ಲಿ ಇಡೋ ಡಬ್ಬಿ ಮೇಲೆ ಹೆಸರು, ತಾರೀಖು ಬರೀಬೇಕು, ತಟ್ಟೆ ನಾವೇ ತೊಳೀಬೇಕು. ಇನ್ನೊಂದು, ಮಗನಿಗೆ ಬೆಣ್ಣೆ ದೋಸೆ ಮಾಡಿಕೊಡೋಣ ಅಂತ ಇಲ್ಲಿಂದ ಬೆಣ್ಣೆ ಕಟ್ಕೊಂಡು ಹೋಗ್ಬೇಡಿ. ಹಾಲಿನ ಪದಾರ್ಥ ನಮ್ಮ ದೇಶದಿಂದ ಯುರೋಪಿಯನ್ ಯೂನಿಯನ್ ಒಳಗೆ ತಗೊಂಡು ಹೋಗೋ ಹಾಗಿಲ್ಲ, ಬೆಣ್ಣೆ, ತುಪ್ಪ, ಪೇಡ ಎಲ್ಲ ಏರ್‌ಪೋರ್ಟಲ್ಲೇ ಕಿತ್ಕೋತಾರೆ. ಬೆಣ್ಣೆ ಅಲ್ಲೇ ಸಿಗುತ್ತೆ, ಚೆನ್ನಾಗೂ ಇರುತ್ತೆ. ನೀವು ಮಂಡಕ್ಕಿ, ಚಟ್ನಿಪುಡಿ ತಗೊಂಡು ಹೋಗಿ.

ಮಂಡಕ್ಕಿ ಯಾಕೆ ಅಂದ್ರೆ ಟೆರೇಸಿಗೆ. ನಾನಿದ್ದ ಕಡೆ ಎರಡನೇ ದಿನ ಸಂಜೆ ಒಂದು ದೊಡ್ಡ ಬೌಲಲ್ಲಿ ಮಂಡಕ್ಕಿಗೆ ಚಟ್ನಿಪುಡಿ, ಹಸಿ ಎಣ್ಣೆ, ಈರುಳ್ಳಿ ಹಾಕಿ ಕಲಸ್ಕೊಂಡು ಮೇಲೆ ಹೋದೆ, ಯಾವ ಅಲಾರ್ಮಿನ ಭಯಾನೂ ಇಲ್ಲ. ಜೂನಲ್ಲಿ ಅಲ್ಲಿ ಸೂರ್ಯ ಮುಳುಗೋದೇ ರಾತ್ರಿ ಒಂಬತ್ತೂವರೆಗೆ, ದೂರದಲ್ಲಿ 368 ಮೀಟರಿನ ಟಿವಿ ಟವರ್, ಅದರ ಗುಂಡು ಬಿಸಿಲಿಗೆ ಹೊಳೀತಿತ್ತು. ಪಕ್ಕದಲ್ಲಿ ಸ್ವೆಟರ್ ಹೆಣೀತಾ ಕೂತಿದ್ದ ಪೋಲೆಂಡಿನ ಅಜ್ಜಿ ಒಂದು ಹಿಡಿ ತಿಂದು ಕಣ್ಣೀರು ಒರೆಸ್ಕೊಂಡು ಇನ್ನೊಂದು ಹಿಡಿ ತಗೊಂಡ್ರು. ಭಾಷೆ ಬರ್ಲಿಲ್ಲ, ಮೊಮ್ಮಕ್ಕಳ ಫೋಟೋ ತೋರಿಸಿದ್ರು, ನಾನೂ ತೋರಿಸಿದೆ. ನಂಗೆ ನಮ್ಮ ದಾವಣಗೆರೆ ಬೇಸಿಗೆ ನೆನಪಾಯ್ತು, ಸಂಜೆ ಟೆರೇಸಿಗೆ ನೀರು ಹೊಯ್ದು ಕಾವು ಇಳಿಸಿ ಹಾಸಿಗೆ ಹಾಸ್ಕೊಂಡು, ಪಕ್ಕದ ಮನೆ ಟೆರೇಸಿನವರ ಜೊತೆ ಗೋಡೆ ಮೇಲಿಂದಲೇ ಮಾತಾಡ್ತಿದ್ದಿದ್ದು. ಐದು ಜನರ ಜೊತೆ ಮಲಗೋದು ಹೇಗೆ ಅಂತ ಕೇಳಿದ್ರಲ್ಲ, ನಾವು ಹಂಗೇ ತಾನೇ ಬೆಳೆದಿದ್ದು? ರಾತ್ರಿ ಹತ್ತಕ್ಕೆ ಅಲ್ಲಿ ಗಲಾಟೆ ನಿಲ್ಲಿಸೋ ಕಾನೂನು ಇದೆ, ಟೆರೇಸ್ ಎಷ್ಟೊತ್ತಿಗೆ ಮುಚ್ತಾರೆ ಅಂತ ಕೇಳಿಟ್ಕೊಳ್ಳಿ.

ಪ್ರಶ್ನೆ: ಅಕ್ಕಾ, ನಮ್ದು ಚಿತ್ರದುರ್ಗ. ಕೋಟೆ ಹತ್ರಾನೇ ಅಜ್ಜನ ಕಾಲದ ಮಾಳಿಗೆ ಮನೆ ಖಾಲಿ ಬಿದ್ದೈತೆ. ಪೇಂಟ್ ಮಾಡ್ಸಿ ಬ್ಯಾಕ್‌ಪ್ಯಾಕರ್ಸ್ ಹಾಸ್ಟೆಲ್ ಮಾಡಿ, ಮೇಲೆ ಶೀಟ್ ಹಾಕಿ ರೂಫ್‌ಟಾಪ್ ಕೆಫೆ ಮಾಡೋಣ ಅಂತಿದೀನಿ. ನಡೀತದಾ?

ಉತ್ತರ: ತಮ್ಮಾ, ಮೊದ್ಲು ಟೇಪ್ ಹಿಡ್ದು ಅಳತೆ ಮಾಡು. ಕೋಟೆ ಕೇಂದ್ರದ ಪುರಾತತ್ವ ಇಲಾಖೆ ರಕ್ಷಣೇಲಿ ಇದೆ, 2010ರ ತಿದ್ದುಪಡಿ ಪ್ರಕಾರ ಅಂಥ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸದಾಗಿ ಏನೂ ಕಟ್ಟೋ ಹಾಗಿಲ್ಲ, ಅಲ್ಲಿಂದಾಚೆ ಇನ್ನೂ 200 ಮೀಟರ್‌ವರೆಗೆ ಪರ್ಮಿಷನ್ ಬೇಕು. ಹಳೇ ಮನೆ ರಿಪೇರಿಗೂ ಕೇಳ್ಬೇಕು. ಶೀಟ್ ತಾನೇ ಅಂತ ಹಾಕಿ ಆಮೇಲೆ ನೋಟಿಸ್ ತಗೋಬೇಡ. ಫಾರಿನರ್ಸ್ ಉಳ್ಕೊಂಡ್ರೆ ಅವರ ವಿವರ 24 ಗಂಟೆ ಒಳಗೆ ಆನ್‌ಲೈನಲ್ಲಿ ಹಾಕ್ಬೇಕು, ಇದನ್ನೂ ತಲೇಲಿಟ್ಕೋ.

ಕೆಫೆ ಆಮೇಲೆ, ನಿನ್ನ ಹತ್ರ ಮಾಳಿಗೇನೇ ಇದ್ಯಲ್ಲ. ಮರದ ತೊಲೆ, ಮೇಲೆ ಮಣ್ಣು, ಬೆಳಕಿಂಡಿ, ಏಪ್ರಿಲಲ್ಲೂ ತಣ್ಣಗಿರೋ ಒಳಮನೆ. ಇಂಥದ್ದನ್ನ ಒಡೆದು ಟೈಲ್ಸ್ ಹಾಕಿದ್ರೆ ನಂಗೆ ನಿಜವಾಗ್ಲೂ ಹೊಟ್ಟೆ ಉರಿಯುತ್ತೆ. ಬೆಳಿಗ್ಗೆ ಮಾಳಿಗೆ ಮೇಲೆ ಚಾಪೆ ಹಾಸಿ ಚಹಾ ಕೊಟ್ಟು ಕೋಟೆ ಬಂಡೆ ಮೇಲೆ ಬಿಸಿಲು ಏರೋದು ತೋರ್ಸು ಸಾಕು, ಅದಕ್ಕೆ ಯಾವ ಡಿಸೈನರ್ರೂ ಬೇಡ. ಆದ್ರೆ ಮಣ್ಣಿನ ಮಾಳಿಗೆ ಎಷ್ಟು ಜನರ ಭಾರ ತಡೆಯುತ್ತೆ ಅಂತ ಇಂಜಿನಿಯರ್ ಹತ್ರ ನೋಡಿಸ್ದೇ ಹದಿನೈದು ಜನರನ್ನ ಮೇಲೆ ಹತ್ತಿಸ್ಬೇಡ, ಅಂಚಿಗೆ ರೇಲಿಂಗ್ ಇರ್ಲಿ. ಮಳೆಗಾಲಕ್ಕೆ ಮುಂಚೆ ಮಾಳಿಗೆ ಸೋರದ ಹಾಗೆ ಕರಲು ಮಣ್ಣು ಹಾಕೋರು ಈಗ್ಲೂ ನಿಮ್ಮ ಕಡೆ ಯಾರಾದ್ರೂ ಇದ್ರೆ ಅವರನ್ನ ಮೊದ್ಲು ಕರ್ಕೊಂಡು ಬಂದು ಮಾಳಿಗೆ ತೋರ್ಸು, ಪೇಂಟರ್‌ನ ಆಮೇಲೆ ಕರೆಸಿದ್ರಾಯ್ತು.