ಹಸಿರು ಕೆರೆಯಲ್ಲಿ ಮೀನು ಸಾಯುವುದು ಯಾಕೆ?

ಪ್ರಶ್ನೆ: ಗಿಡಗಳು ಆಮ್ಲಜನಕ ಬಿಡುತ್ತವೆ ಅಂತ ಓದಿದ್ದೇವೆ. ಹಾಗಿದ್ದರೆ ಪಾಚಿ ತುಂಬಿ ಹಚ್ಚ ಹಸಿರಾದ ಕೆರೆಯಲ್ಲಿ ಆಮ್ಲಜನಕ ಜಾಸ್ತಿ ಇರಬೇಕಲ್ವಾ? ಆದರೆ ಅಂಥ ಕೆರೆಯಲ್ಲೇ ಮೀನುಗಳು ರಾಶಿ ರಾಶಿ ಸಾಯುತ್ತವೆ. ಯಾಕೆ?

ಉತ್ತರ: ಒಳ್ಳೆಯ ಪ್ರಶ್ನೆ. ನಿಮ್ಮ ಲೆಕ್ಕ ಅರ್ಧ ಸರಿ. ಬಿಸಿಲಿರುವ ಮಧ್ಯಾಹ್ನ ಅಳೆದು ನೋಡಿ, ಆ ನೀರಿನಲ್ಲಿ ಆಮ್ಲಜನಕ ತುಂಬಿ ತುಳುಕುತ್ತಿರುತ್ತದೆ. ಅದೇ ಕೆರೆಗೆ ಬೆಳಕು ಹರಿಯುವ ಮುಂಚೆ ಹೋಗಿ. ಮೀನುಗಳು ಮೇಲಕ್ಕೆ ಬಂದು, ನೀರಿನ ಅಂಚಿಗೆ ಬಾಯಿ ಒಡ್ಡಿ, ತೆರೆದು ಮುಚ್ಚಿ ಮಾಡುತ್ತಿರುತ್ತವೆ.

ಪಾಚಿ ಆಮ್ಲಜನಕ ತಯಾರಿಸುವುದು ಬಿಸಿಲಿದ್ದಾಗ ಮಾತ್ರ. ಉಸಿರಾಡುವುದು ಮಾತ್ರ ಹಗಲೂ ರಾತ್ರಿ. ಹಗಲು ದುಡಿದದ್ದನ್ನು ರಾತ್ರಿಯಿಡೀ ಖರ್ಚು ಮಾಡುವ ಸಂಸಾರ ಅದು. ಜೊತೆಗೆ ಮೀನು, ಹುಳು, ತಳದ ಕೆಸರಿನ ಬ್ಯಾಕ್ಟೀರಿಯಾ, ಎಲ್ಲರಿಗೂ ಪಾಲು ಬೇಕು. ಹೀಗಾಗಿ ಸೂರ್ಯ ಹುಟ್ಟುವ ಹೊತ್ತಿಗೆ ಆಮ್ಲಜನಕ ತೀರಾ ಕೆಳಗೆ ಇಳಿದಿರುತ್ತದೆ. ನಾಲ್ಕು ದಿನ ಮೋಡ ಕವಿದರಂತೂ ಕಥೆ ಮುಗಿಯಿತು. ಪಾಚಿ ಒಟ್ಟೊಟ್ಟಿಗೆ ಸತ್ತು ತಳ ಸೇರುತ್ತದೆ. ಅದನ್ನು ಕೊಳೆಸುವ ಬ್ಯಾಕ್ಟೀರಿಯಾ ಉಳಿದಿದ್ದನ್ನೂ ಹೀರಿಬಿಡುತ್ತವೆ.

ನೀರಿನಲ್ಲಿ ಕರಗುವ ಆಮ್ಲಜನಕವೇ ಕಮ್ಮಿ, ಅದನ್ನು ಮರೆಯಬೇಡಿ. ಒಂದು ಲೀಟರ್ ಗಾಳಿಯಲ್ಲಿ 250 ಮಿಲಿಗ್ರಾಂಗಿಂತ ಜಾಸ್ತಿ ಇರುತ್ತದೆ. ಒಂದು ಲೀಟರ್ ನೀರಿಗೆ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಾಳಿಯಿಂದ ಸಿಗುವುದು ಸುಮಾರು 9 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಏಳೂವರೆ. ಹೆಚ್ಚಿನ ಮೀನುಗಳು ಆರಾಮಾಗಿರಲು 5 ಮಿಲಿಗ್ರಾಂ ಬೇಕು. ಎರಡಕ್ಕಿಂತ ಕೆಳಗೆ ಇಳಿದರೆ ಬದುಕುವುದು ಕಷ್ಟ.

ಲ್ಯಾಬ್‌ನಲ್ಲಿ ನಾನು ಮಕ್ಕಳಿಗೆ ಮೊದಲು ಮಾಡಿಸುತ್ತಿದ್ದದ್ದು ನೀರಿನಲ್ಲಿ ಕರಗಿದ ಆಮ್ಲಜನಕ ಅಳೆಯುವ ವಿಂಕ್ಲರ್ ಪರೀಕ್ಷೆ. 1888ರಷ್ಟು ಹಳೆಯದು, ಈಗಲೂ ನಡೆಯುತ್ತದೆ. ಗಾಜಿನ ಬಾಟಲಿಗೆ ಒಂದು ಗುಳ್ಳೆಯೂ ಉಳಿಯದಂತೆ ನೀರು ತುಂಬಬೇಕು. ಮ್ಯಾಂಗನೀಸ್ ಸಲ್ಫೇಟ್ ಹಾಕಿ, ಆಮೇಲೆ ಕ್ಷಾರ ಬೆರೆಸಿದ ಅಯೋಡೈಡ್ ಹಾಕಿ, ಬಿರಡೆ ಬಿಗಿದು ತಲೆಕೆಳಗು ಮಾಡಬೇಕು. ಆಮ್ಲಜನಕ ಇದ್ದರೆ ಕಂದು ಗಸಿ ಮೋಡದ ಹಾಗೆ ಇಳಿಯುತ್ತದೆ. ಇಲ್ಲದಿದ್ದರೆ ಗಸಿ ಬೆಳ್ಳಗೇ ಉಳಿಯುತ್ತದೆ. ಮೀಟರ್ ಅದ್ದಿದರೆ ಬೇಗ ಅಂಕಿ ಸಿಗುತ್ತದೆ, ನಿಜ. ಆದರೂ ನನಗೆ ಬಾಟಲಿಯೇ ಇಷ್ಟ. ಅಂಕಿ ಮರೆತುಹೋಗುತ್ತದೆ, ಆ ಬಿಳಿ ಗಸಿ ಮರೆಯುವುದಿಲ್ಲ.

ಇನ್ನು ಪಾಚಿ ಅಷ್ಟೊಂದು ಬೆಳೆಯುವುದು ಯಾಕೆ ಅಂದರೆ, ಚರಂಡಿ ನೀರು ಮತ್ತು ಗೊಬ್ಬರದಿಂದ ಬರುವ ರಂಜಕ, ಸಾರಜನಕ. ಕೆನಡಾದಲ್ಲಿ 1973ರಲ್ಲಿ ವಿಜ್ಞಾನಿ ಡೇವಿಡ್ ಶಿಂಡ್ಲರ್ ಮತ್ತು ಜೊತೆಗಾರರು 226ನೇ ನಂಬರಿನ ಕೆರೆಯನ್ನು ಪರದೆ ಕಟ್ಟಿ ಎರಡು ಭಾಗ ಮಾಡಿದರು. ಎರಡೂ ಕಡೆಗೆ ಇಂಗಾಲ, ಸಾರಜನಕ ಹಾಕಿದರು. ರಂಜಕ ಹಾಕಿದ್ದು ಒಂದು ಕಡೆಗೆ ಮಾತ್ರ. ಆ ಕಡೆ ಮಾತ್ರ ಹಸಿರಾಯಿತು. ಮೇಲಿನಿಂದ ತೆಗೆದ ಆ ಫೋಟೋ ಪಾಚಿಗೆ ಕಾರಣ ಯಾವುದು ಎಂಬ ಎಷ್ಟೋ ವಾದಗಳನ್ನು ನಿಲ್ಲಿಸಿತು.

ಪ್ರಶ್ನೆ: ಬಿಒಡಿ ಜಾಸ್ತಿ ಇದ್ದರೆ ನೀರಿನಲ್ಲಿ ಆಮ್ಲಜನಕ ಜಾಸ್ತಿ ಅಂತಲಾ?

ಉತ್ತರ: ಉಲ್ಟಾ. ಪ್ರತಿ ವರ್ಷ ಉತ್ತರ ಪತ್ರಿಕೆಗಳಲ್ಲಿ ಇದೇ ಗೊಂದಲ. ಬಿಒಡಿ (ಬಯೋಕೆಮಿಕಲ್ ಆಕ್ಸಿಜನ್ ಡಿಮ್ಯಾಂಡ್) ಅಂದರೆ ನೀರಿನಲ್ಲಿರುವ ಕೊಳಕನ್ನು ಕೊಳೆಸಲು ಬ್ಯಾಕ್ಟೀರಿಯಾಗಳಿಗೆ ಎಷ್ಟು ಆಮ್ಲಜನಕ ಬೇಕು ಎಂಬ ಲೆಕ್ಕ. ಬಾಟಲಿಯನ್ನು 20 ಡಿಗ್ರಿಯಲ್ಲಿ 5 ದಿನ ಇಟ್ಟು, ಆಮ್ಲಜನಕ ಎಷ್ಟು ಇಳಿಯಿತು ಅಂತ ನೋಡುತ್ತಾರೆ. ಇಡುವುದು ಕತ್ತಲಲ್ಲಿ. ಇಲ್ಲದಿದ್ದರೆ ಪಾಚಿ ಒಳಗೇ ಆಮ್ಲಜನಕ ತಯಾರಿಸಿ ಲೆಕ್ಕ ಕೆಡಿಸುತ್ತದೆ!

ವಿಷ ಮಾತ್ರ ಮಾಲಿನ್ಯ ಅಂದುಕೊಂಡವರಿಗೆ ನಾನು ಹಾಲಿನ ಉದಾಹರಣೆ ಕೊಡುತ್ತೇನೆ. ಮನೆಗಳ ಚರಂಡಿ ನೀರಿನ ಬಿಒಡಿ ಲೀಟರಿಗೆ ಕೆಲವು ನೂರು ಮಿಲಿಗ್ರಾಂ. ಹಾಲಿನದ್ದು ಒಂದು ಲಕ್ಷದ ಆಸುಪಾಸು. ಟ್ಯಾಂಕರ್ ಉರುಳಿ ಹಾಲು ಸಣ್ಣ ಹೊಳೆಗೆ ಸೇರಿದರೆ ಮೀನುಗಳಿಗೆ ಉಸಿರುಗಟ್ಟುತ್ತದೆ.

ಪ್ರಶ್ನೆ: ಜಗತ್ತಿನ ಆಮ್ಲಜನಕದಲ್ಲಿ ಶೇ. 20ರಷ್ಟು ಅಮೆಜಾನ್ ಕಾಡಿನಿಂದಲೇ ಬರುತ್ತದಂತೆ, ಹೌದೇ?

ಉತ್ತರ: ಅಲ್ಲ. ಮೇಲೆ ಹೇಳಿದ ಕೆರೆಯ ಲೆಕ್ಕವೇ ಇಲ್ಲೂ. ಮರಗಳು ರಾತ್ರಿ ಉಸಿರಾಡುತ್ತವೆ. ಉದುರಿದ ಎಲೆ, ಬಿದ್ದ ಕಾಂಡ ಕೊಳೆಯುತ್ತವೆ. ಬಲಿತ ಕಾಡು ತಯಾರಿಸಿದ ಆಮ್ಲಜನಕ ಹೆಚ್ಚುಕಮ್ಮಿ ಅಲ್ಲೇ ಖರ್ಚಾಗುತ್ತದೆ. ಕಾಡು ಉಳಿಸಬೇಕು ಅನ್ನಲು ಮಳೆ, ಇಂಗಾಲ, ಜೀವವೈವಿಧ್ಯ ಅಂತ ಗಟ್ಟಿ ಕಾರಣಗಳೇ ಇವೆ. ಸುಮ್ನೆ ಪೊಳ್ಳು ಅಂಕಿ ಯಾಕೆ?

ಹಾಗಾದರೆ ಗಾಳಿಯಲ್ಲಿರುವ ಶೇ. 21 ಎಲ್ಲಿಂದ ಬಂತು? ಕೋಟ್ಯಂತರ ವರ್ಷಗಳಲ್ಲಿ ಕೊಳೆಯದೆ ಮಣ್ಣಿನಡಿ, ಸಮುದ್ರದಡಿ ಹೂತುಹೋದ ಸಸ್ಯ, ಪಾಚಿಗಳಿಂದ. ಅವು ಕೊಳೆಯಲಿಲ್ಲ, ಅವುಗಳ ಪಾಲಿನ ಆಮ್ಲಜನಕ ಗಾಳಿಯಲ್ಲೇ ಉಳಿಯಿತು. ಹಾಗೆ ಹೂತದ್ದರಲ್ಲಿ ಒಂದು ಸಣ್ಣ ಭಾಗ ಕಲ್ಲಿದ್ದಲು, ಪೆಟ್ರೋಲಿಯಂ ಆಯಿತು. ನಾವು ಈಗ ಅದನ್ನು ಅಗೆದು ಸುಡುತ್ತಿದ್ದೇವೆ. ಗಾಳಿಯ ಆಮ್ಲಜನಕ ಇಳಿಯುತ್ತಿರುವುದೂ ನಿಜ, ವರ್ಷಕ್ಕೆ ಹತ್ತು ಲಕ್ಷದಲ್ಲಿ ಸುಮಾರು 4 ಭಾಗ. ಉಸಿರಾಟಕ್ಕೆ ಅದರಿಂದ ಏನೂ ಆಗುವುದಿಲ್ಲ, ಅಷ್ಟು ದೊಡ್ಡ ದಾಸ್ತಾನು ಇದೆ. ತಲೆ ಕೆಡಿಸಿಕೊಳ್ಳಬೇಕಾದದ್ದು ಇನ್ನೊಂದು ಅಂಕಿಗೆ: ಕೈಗಾರಿಕೆಗಳು ಶುರುವಾಗುವ ಮುಂಚೆ ಹತ್ತು ಲಕ್ಷದಲ್ಲಿ 280 ಭಾಗ ಇದ್ದ ಕಾರ್ಬನ್ ಡೈಆಕ್ಸೈಡ್ ಈಗ 420 ದಾಟಿದೆ.