ರ‍್ಯಾಕ್ ಮುಟ್ಟುವ ಮೊದಲು ಪಟ್ಟಿ ಮಾಡಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮದು ಹಾಸನದ ಒಂದು ಖಾಸಗಿ ಕಾಲೇಜು. ಆಫೀಸಿನ ಪಕ್ಕದ ಕೋಣೆಯಲ್ಲಿ ನೆಟ್‌ವರ್ಕ್ ರ‍್ಯಾಕ್ ಇದೆ. 24 ಪೋರ್ಟಿನ (ಕೇಬಲ್ ಸಿಕ್ಕಿಸುವ ಕಿಂಡಿಯ) ಎರಡು ನೆಟ್‌ವರ್ಕ್ ಸ್ವಿಚ್‌ಗಳಿವೆ. ಲ್ಯಾಬಿನವರು, ಕ್ಯಾಮೆರಾದವರು, ಬಯೋಮೆಟ್ರಿಕ್‌ನವರು ಬಂದ ಹಾಗೆಲ್ಲ ತಮ್ಮ ತಮ್ಮ ಕೇಬಲ್ ಎಳೆದು ಹೋಗಿದ್ದಾರೆ. ಯಾವುದು ಎಲ್ಲಿಗೆ ಹೋಗುತ್ತದೆ ಅಂತ ಈಗ ಯಾರಿಗೂ ಗೊತ್ತಿಲ್ಲ. ಒಂದು ಭಾನುವಾರ ಎಲ್ಲ ಕಿತ್ತು, ಪ್ಲಾಸ್ಟಿಕ್ ಟೈ ಹಾಕಿ ನೀಟಾಗಿ ಕಟ್ಟಿಬಿಡಬೇಕು ಅಂದುಕೊಂಡಿದ್ದೇನೆ. ಸರಿ ತಾನೇ?

ಉತ್ತರ: ಭಾನುವಾರ ಒಳ್ಳೆಯದೇ. ಆದರೆ ದಯವಿಟ್ಟು ಎಲ್ಲವನ್ನೂ ಒಟ್ಟಿಗೆ ಕೀಳಬೇಡಿ. ಮ್ಯಾನೇಜ್ಡ್ ಸ್ವಿಚ್ (ಸೆಟ್ಟಿಂಗ್ ಬದಲಿಸಬಹುದಾದದ್ದು) ಆಗಿದ್ದರೆ ಒಂದೊಂದು ಪೋರ್ಟಿಗೆ ಒಂದೊಂದು ವಿಎಲ್‌ಎಎನ್ (ಒಂದೇ ಸ್ವಿಚ್ಚಿನೊಳಗೆ ಬೇರೆ ಮಾಡಿಟ್ಟ ನೆಟ್‌ವರ್ಕ್) ಕೊಟ್ಟಿರಬಹುದು. ಬಯೋಮೆಟ್ರಿಕ್ ಯಂತ್ರದ ಕೇಬಲನ್ನು ಪಕ್ಕದ ಪೋರ್ಟಿಗೆ ಹಾಕಿದರೆ ಲೈಟ್ ಉರಿಯುತ್ತದೆ, ಆದರೆ ಯಂತ್ರ ಕೆಲಸ ಮಾಡುವುದಿಲ್ಲ. ಇನ್ನೊಂದು ಅಪಾಯವೂ ಇದೆ. ಗೋಜಲಿನಲ್ಲಿ ಒಂದೇ ಕೇಬಲಿನ ಎರಡೂ ತುದಿ ಸ್ವಿಚ್‌ಗೇ ಸೇರಿಬಿಟ್ಟರೆ ಲೂಪ್ ಆಗಿ, ಅದೇ ಡೇಟಾ ಸುತ್ತುತ್ತಾ ಸುತ್ತುತ್ತಾ ಇಡೀ ಕಾಲೇಜಿನ ನೆಟ್‌ವರ್ಕ್ ನಿಂತುಹೋಗುತ್ತದೆ. ಸ್ಪ್ಯಾನಿಂಗ್ ಟ್ರೀ (ಲೂಪ್ ಪತ್ತೆಮಾಡಿ ಆ ಪೋರ್ಟನ್ನು ತಡೆಯುವ ವ್ಯವಸ್ಥೆ) ಇರುವ ಸ್ವಿಚ್ ಇದನ್ನು ತಡೆಯುತ್ತದೆ, ಕಡಿಮೆ ಬೆಲೆಯ ಸಾದಾ ಸ್ವಿಚ್‌ಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ.

ಆದ್ದರಿಂದ ಮೊದಲು ಫೋಟೋ ತೆಗೆಯಿರಿ, ಆಮೇಲೆ ಪಟ್ಟಿ ಬರೆಯಿರಿ. ಯಾವ ಸ್ವಿಚ್, ಯಾವ ಪೋರ್ಟ್, ಯಾವ ಕೋಣೆಯ ಯಾವ ಬಾಕ್ಸ್ (ಗೋಡೆಯ ಸಾಕೆಟ್), ಅಷ್ಟು ಸಾಕು. ಹುಡುಕುವುದು ಕಷ್ಟವೇನಲ್ಲ. ಒಬ್ಬರು ಲ್ಯಾಬಿನಲ್ಲಿ ಕಂಪ್ಯೂಟರಿನ ಕೇಬಲ್ ತೆಗೆಯಲಿ, ಇನ್ನೊಬ್ಬರು ರ‍್ಯಾಕ್ ಮುಂದೆ ನಿಂತು ಯಾವ ಲೈಟ್ ಆರಿತು ಅಂತ ನೋಡಲಿ. ಲೈಟೇ ಇಲ್ಲದ ಕೇಬಲಿಗೆ ಟೋನ್ ಟ್ರೇಸರ್ ಬೇಕಾಗುತ್ತದೆ. ಒಂದು ತುದಿಗೆ ಅದನ್ನು ಸಿಕ್ಕಿಸಿದರೆ ಇನ್ನೊಂದು ತುದಿಯ ಹತ್ತಿರ ಪ್ರೋಬ್ ಶಬ್ದ ಮಾಡುತ್ತದೆ. ಯಾರದ್ದೂ ಅಲ್ಲ ಅನ್ನಿಸುವ ಕೇಬಲನ್ನು ತಕ್ಷಣ ಕತ್ತರಿಸಬೇಡಿ. ಬಿಚ್ಚಿ, ತಾರೀಖು ಬರೆದ ಚೀಟಿ ಕಟ್ಟಿ ಹಾಗೇ ಬಿಡಿ. ಕಾಲೇಜಲ್ವಾ, ಪರೀಕ್ಷೆ ಸಮಯದಲ್ಲಿ ಮಾತ್ರ ಬೇಕಾಗುವ ಸಂಪರ್ಕಗಳೂ ಇರುತ್ತವೆ.

ಪಟ್ಟಿ ಕೈಯಲ್ಲಿದ್ದರೆ ಉಳಿದದ್ದು ಬರೀ ಕೈಕೆಲಸ. ಗೋಡೆಯಿಂದ ಬರುವ ಕೇಬಲಿಗೆ ಕನೆಕ್ಟರ್ ಕ್ರಿಂಪ್ ಮಾಡಿ ನೇರ ಸ್ವಿಚ್‌ಗೆ ಹಾಕಿರುತ್ತಾರೆ, ಗೋಜಲು ಶುರುವಾಗುವುದು ಅಲ್ಲಿಂದಲೇ. ಆ ಕೇಬಲಿನ ಒಳಗೆ ಗಟ್ಟಿ ತಂತಿ ಇರುತ್ತದೆ, ಪದೇ ಪದೇ ಬಗ್ಗಿಸಿದರೆ ಮುರಿಯುತ್ತದೆ. ಅದನ್ನು ಪ್ಯಾಚ್ ಪ್ಯಾನೆಲಿನ (ಸಾಲಾಗಿ ಸಾಕೆಟ್ ಇರುವ ಪಟ್ಟಿ) ಹಿಂಬದಿಗೆ ಪಂಚ್ ಮಾಡಿ, ಅಂದರೆ ಉಪಕರಣದಿಂದ ಒತ್ತಿ ಕೂರಿಸಿ, ನಿಲ್ಲಿಸಿ. ಮುಂದಿನಿಂದ ಸ್ವಿಚ್‌ಗೆ ಸಣ್ಣ ಪ್ಯಾಚ್ ಕಾರ್ಡ್ (ಎರಡೂ ತುದಿಗೆ ಕನೆಕ್ಟರ್ ಇರುವ ಮೆತ್ತನೆ ಕೇಬಲ್) ಹಾಕಿ. 24 ಪೋರ್ಟಿನ ಪ್ಯಾನೆಲ್ ರ‍್ಯಾಕಿನಲ್ಲಿ ಒಂದು ಯು, ಅಂದರೆ 1.75 ಇಂಚು ಜಾಗ ತಿನ್ನುತ್ತದೆ ಅಷ್ಟೇ. ಪ್ರತಿ ಪ್ಯಾನೆಲಿನ ಕೆಳಗೇ ಅದರ ಸ್ವಿಚ್ ಕೂರಿಸಿದರೆ ಅರ್ಧ ಮೀಟರಿನ ಕಾರ್ಡ್ ಸಾಕು. ಎರಡು ಮೀಟರಿನ ಕಾರ್ಡ್ ತಂದು ಸುತ್ತಿ ಸುತ್ತಿ ತುರುಕುವ ಕೆಲಸವೇ ಇರುವುದಿಲ್ಲ. ಸ್ವಿಚ್ಚಿನಿಂದ ಕಂಪ್ಯೂಟರಿನವರೆಗೆ ಒಂದು ಸಂಪರ್ಕದ ಒಟ್ಟು ಉದ್ದ 100 ಮೀಟರ್ ದಾಟಬಾರದು. ಗೋಡೆಯ ಒಳಗಿನದು 90, ಎರಡೂ ತುದಿಯ ಕಾರ್ಡ್ ಸೇರಿ 10. ರ‍್ಯಾಕಿನ ಹಿಂದೆ ಸುರುಳಿ ಸುತ್ತಿಟ್ಟ ಕೇಬಲೂ ಈ ಲೆಕ್ಕಕ್ಕೆ ಸೇರುತ್ತದೆ.

ಇನ್ನು ಪ್ಲಾಸ್ಟಿಕ್ ಟೈ. ಅದರ ಬದಲು ವೆಲ್ಕ್ರೋ ಪಟ್ಟಿ ತನ್ನಿ. ಕೇಬಲಿನ ಒಳಗೆ ನಾಲ್ಕು ಜೊತೆ ತಂತಿಗಳನ್ನು ಹೊಸೆದಿರುತ್ತಾರೆ, ಒಂದೊಂದು ಜೊತೆಯ ಹೊಸೆತವೂ ಬೇರೆ ಬೇರೆ. ಒಂದರ ಸಿಗ್ನಲ್ ಇನ್ನೊಂದಕ್ಕೆ ಬೆರೆಯದೆ ಇರುವುದು ಈ ಹೊಸೆತದಿಂದಲೇ. ಟೈ ಬಿಗಿದಾಗ ಅದು ಚಪ್ಪಟೆಯಾಗಿ ಹಾಳಾಗುತ್ತದೆ. ಮುಂದೆ ಒಂದು ಕೇಬಲ್ ಸೇರಿಸಬೇಕಾದರೆ ಟೈ ಕತ್ತರಿಸಲೇಬೇಕು, ಆಗ ಬ್ಲೇಡ್ ಪಕ್ಕದ ಕೇಬಲಿಗೂ ತಾಗುತ್ತದೆ. ಕಟ್ಟಿದ ಮೇಲೂ ಒಂದು ಕೇಬಲನ್ನು ಎಳೆದರೆ ಅದು ಜಾರುವಷ್ಟು ಸಡಿಲ ಇರಲಿ. ತಿರುವುಗಳಲ್ಲಿ ಕೇಬಲಿನ ದಪ್ಪದ ನಾಲ್ಕು ಪಟ್ಟಾದರೂ ತ್ರಿಜ್ಯ ಬಿಡಿ. ಕ್ಯಾಟ್ 6 ದರ್ಜೆಯ ನೆಟ್‌ವರ್ಕ್ ಕೇಬಲ್ ಸುಮಾರು 6 ಮಿಲಿಮೀಟರ್ ದಪ್ಪ ಇರುತ್ತದೆ, ಅಂದರೆ ತ್ರಿಜ್ಯ ಸುಮಾರು ಎರಡೂವರೆ ಸೆಂಟಿಮೀಟರ್. ಕರೆಂಟಿನ ವೈರ್ ರ‍್ಯಾಕಿನ ಒಂದು ಬದಿ, ಡೇಟಾ ಕೇಬಲ್ ಇನ್ನೊಂದು ಬದಿ. ದಾಟಲೇಬೇಕಾದ ಕಡೆ ಅಡ್ಡಡ್ಡ ದಾಟಿಸಿ, ಉದ್ದಕ್ಕೂ ಜೊತೆಗೆ ಓಡಿಸಬೇಡಿ.

ಪ್ರಶ್ನೆ: ಲೇಬಲ್ ಅಂಟಿಸಿದರೆ ಕೆಲವೇ ತಿಂಗಳಲ್ಲಿ ಉದುರಿ ಹೋಗುತ್ತದೆ. ಏನು ಬಳಸಬೇಕು? (ಬೆಂಗಳೂರಿನಿಂದ)

ಉತ್ತರ: ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಅಂಕಿ ಇರುವ ಫೆರುಲ್ (ಸಣ್ಣ ಪ್ಲಾಸ್ಟಿಕ್ ಉಂಗುರ) ಸಿಗುತ್ತದೆ, ಕೇಬಲಿಗೆ ಹಾಕುವ ಸೈಜಿನದೇ ಕೇಳಿ. ಅಥವಾ ಬರೆದ ಭಾಗದ ಮೇಲೆ ಪಾರದರ್ಶಕ ತುದಿ ಸುತ್ತಿಕೊಳ್ಳುವ ಲೇಬಲ್ ತನ್ನಿ. ಎರಡೂ ತುದಿಗೆ ಒಂದೇ ನಂಬರ್ ಇರಬೇಕು, ಇದು ತುಂಬಾ ಮುಖ್ಯ. ಲೇಬಲಿನ ಮೇಲೆ ಜನರ ಹೆಸರು ಬೇಡ, ಜಾಗದ ಹೆಸರು ಹಾಕಿ. ಅಕೌಂಟೆಂಟ್ ಸೀಟು ಬದಲಾಗುತ್ತದೆ, ಎರಡನೇ ಮಹಡಿಯ ಏಳನೇ ಬಾಕ್ಸ್ ಅಲ್ಲೇ ಇರುತ್ತದೆ.

ಪ್ರಶ್ನೆ: ಅರ್ಧ ಬೆಲೆಗೆ ಸಿಕ್ಕಿತು ಅಂತ ಬೇರೆ ಕ್ಯಾಟ್ 6 ಕೇಬಲ್ ಹಾಕಿಸಿದೆವು. ದೂರದ ಗೇಟಿನ ಪಿಒಇ (ನೆಟ್‌ವರ್ಕ್ ಕೇಬಲಿನಿಂದಲೇ ಕರೆಂಟ್ ಪಡೆಯುವ) ಕ್ಯಾಮೆರಾ ರಾತ್ರಿ ಮಾತ್ರ ಆಫ್ ಆಗುತ್ತದೆ. ಯಾಕೆ? (ಶಿವಮೊಗ್ಗದಿಂದ)

ಉತ್ತರ: ಒಂದು ತುಂಡು ತೆಗೆದು ಒಳಗಿನ ತಂತಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ. ತಾಮ್ರಕ್ಕಿಂತ ಅದರ ರೆಸಿಸ್ಟೆನ್ಸ್ ಜಾಸ್ತಿ, ಹಾಗಾಗಿ ದೂರ ಹೋದಷ್ಟೂ ವೋಲ್ಟೇಜ್ ಹೆಚ್ಚು ಬೀಳುತ್ತದೆ. ರಾತ್ರಿ ಕ್ಯಾಮೆರಾದ ಇನ್‌ಫ್ರಾರೆಡ್ ಲೈಟ್ ಉರಿಯಲು ಕರೆಂಟ್ ಜಾಸ್ತಿ ಬೇಕು, ಅದು ಅಲ್ಲಿಗೆ ಮುಟ್ಟುವುದಿಲ್ಲ. ಆದರೂ ಬದಲಾಯಿಸುವ ಮುಂಚೆ ಒಂದು ಪರೀಕ್ಷೆ ಮಾಡಿ. ದೂರದ ಕ್ಯಾಮೆರಾ ಮಾತ್ರ ಆರುತ್ತಿದ್ದರೆ ಬಹುಮಟ್ಟಿಗೆ ಕೇಬಲಿನದೇ ದೋಷ. ಹತ್ತಿರದವೂ ಆಗಾಗ ಆರುತ್ತಿದ್ದರೆ ಸ್ವಿಚ್ ಒಟ್ಟಾರೆ ಎಷ್ಟು ವಾಟ್ ಕೊಡಬಲ್ಲದು ನೋಡಿ, ಎಲ್ಲ ಕ್ಯಾಮೆರಾಗಳ ಲೈಟೂ ಒಂದೇ ಹೊತ್ತಿಗೆ ಹತ್ತಿಕೊಂಡಾಗ ಅದು ಸಾಲದೆ ಹೋಗಿರಬಹುದು. ಹೊಸ ಕೇಬಲ್ ತರುವಾಗ ಬಿಲ್ಲಿನಲ್ಲಿ ‘ಬೇರ್ ಕಾಪರ್’ (ಬರೀ ತಾಮ್ರ) ಎಂದು ಬರೆಸಿಕೊಳ್ಳಿ.